ಜೈಲು ಊರಾಚೆ ಹೋದರೆ ಸಾಲದು

ಶಿವಮೊಗ್ಗದ ರಾಗಿಗುಡ್ಡದಲ್ಲಿ 2023ರ ಅಕ್ಟೋಬರ್‌ನಲ್ಲಿ ಮೆರವಣಿಗೆಯ ವೇಳೆ ಕಲ್ಲು ತೂರಾಟ ನಡೆದು ಹಲವರ ಬಂಧನವಾದಾಗ, ತಪ್ಪಿತಸ್ಥರಿಗೆ ಕಠಿಣ ಶಿಕ್ಷೆಯಾಗಬೇಕೆಂಬ ಒತ್ತಾಯ ಕೇಳಿಬಂದದ್ದು ಸಹಜ. ಅಪರಾಧ ಸಾಬೀತಾದರೆ ಶಿಕ್ಷೆಯಾಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂಧನವೇ ಶಿಕ್ಷೆಯಲ್ಲ. ಶಿಕ್ಷೆ ಯಾವ ಉದ್ದೇಶಕ್ಕಾಗಿ ಎಂಬ ಪ್ರಶ್ನೆಯನ್ನೂ ಸಮಾಜ ಮರೆಯಬಾರದು.

ಸೇಡು, ಭಯ, ಸುಧಾರಣೆ ಇವು ಶಿಕ್ಷೆಯ ಹಿಂದಿನ ಮೂರು ಹಳೆಯ ಉದ್ದೇಶಗಳು. ಭಯವನ್ನೇ ನೆಚ್ಚಿದ ಆಡಳಿತದ ಗತಿ ಏನೆಂಬುದನ್ನು ಈ ಜಿಲ್ಲೆ ಬಲ್ಲದು. 1942ರ ಈಸೂರು ದಂಗೆಗಾಗಿ ಮೈಸೂರು ಸಂಸ್ಥಾನ ಮರುವರ್ಷ ಐವರನ್ನು ಗಲ್ಲಿಗೇರಿಸಿತು. ಚಳವಳಿ ಅಡಗಲಿಲ್ಲ, ಅಂದಿನ ಅಪರಾಧಿಗಳು ಇಂದು ಹುತಾತ್ಮರು. 1894ರ ಕಾರಾಗೃಹ ಕಾಯ್ದೆ ಶಿಸ್ತಿಗೇ ಒತ್ತು ನೀಡಿತ್ತು. ಸೆರೆವಾಸದ ಗುರಿ ಸುಧಾರಣೆಯಾಗಬೇಕೆಂದು 1919–20ರ ಭಾರತೀಯ ಜೈಲು ಸಮಿತಿಯೇ ಹೇಳಿತ್ತು. ಆದರೂ ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರ ಪತ್ರದಿಂದ ಮೊದಲಾದ ರಾಮಮೂರ್ತಿ ಪ್ರಕರಣದಲ್ಲಿ, 1996ರಲ್ಲಿ ಸುಪ್ರೀಂ ಕೋರ್ಟ್ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಪಟ್ಟಿ ಮಾಡಬೇಕಾಯಿತು. ಕಿಕ್ಕಿರಿದ ಬಂದಿಗಳು ಮತ್ತು ವಿಚಾರಣೆಯ ವಿಳಂಬ ಅವುಗಳಲ್ಲಿ ಮೊದಲಿನವು.

ಆ ಪಟ್ಟಿ ಇನ್ನೂ ಹಳತಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ 2022ರ ಅಂಕಿ-ಅಂಶದಂತೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ತೀರ್ಪಿಗೆ ಮುನ್ನವೇ ವರ್ಷಗಟ್ಟಲೆ ಒಳಗಿರುವವನಿಗೆ ಸುಧಾರಣೆಯ ಪಾಠ ಹೇಳುವುದು ಅಣಕವೇ ಸರಿ. ಪಳಗಿದ ಅಪರಾಧಿಗಳ ಸಹವಾಸ ಅವನಿಗೆ ಬೇರೆಯದೇ ಪಾಠ ಕಲಿಸೀತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನುಗಳು ಒಂದಿಷ್ಟು ದಾರಿ ತೆರೆದಿವೆ. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವನ್ನು ಮೊದಲ ಬಾರಿ ಮಾಡಿ, ಅದನ್ನು ಹಿಂದಿರುಗಿಸಿದವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಆರೋಪವಿಲ್ಲದ, ಬೇರೆ ಪ್ರಕರಣಗಳೂ ಬಾಕಿಯಿಲ್ಲದ ಮೊದಲ ಬಾರಿಯ ಆರೋಪಿ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಸೆರೆಯಲ್ಲಿ ಕಳೆದರೆ ಜಾಮೀನಿಗೆ ಅರ್ಹ. ನ್ಯಾಯಾಲಯಕ್ಕೆ ಈ ಕುರಿತು ಕೂಡಲೇ ಅರ್ಜಿ ಸಲ್ಲಿಸುವುದು ಜೈಲು ಅಧೀಕ್ಷಕರ ಕರ್ತವ್ಯ.

ಶಿವಮೊಗ್ಗದ ನಡುವಿದ್ದ ಹಳೆಯ ಜೈಲಿನ ಆವರಣ ಈಗ ಸಾರ್ವಜನಿಕ ಮೈದಾನ. ಕಾರಾಗೃಹ ಸೋಗಾನೆಗೆ ಹೋಗಿದೆ. ಕಣ್ಣಿಗೆ ಮರೆಯಾದದ್ದು ಮನಸ್ಸಿಗೂ ಮರೆಯಾಗಬಾರದು. ಅರ್ಹ ವಿಚಾರಣಾಧೀನರ ಪಟ್ಟಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪ್ರತಿ ತಿಂಗಳೂ ಪರಿಶೀಲಿಸಲಿ. ಸಮುದಾಯ ಸೇವೆಗೆ ತಕ್ಕ ಕೆಲಸಗಳನ್ನು ಮಹಾನಗರ ಪಾಲಿಕೆ ಗುರುತಿಸಲಿ. ಜೈಲಿಗೆ ಹೋದ ಬಹುತೇಕರು ಒಂದಲ್ಲ ಒಂದು ದಿನ ನಮ್ಮ ಬೀದಿಗೇ ಮರಳುತ್ತಾರೆ. ಹೇಗೆ ಮರಳುತ್ತಾರೆ ಎಂಬುದರಲ್ಲಿಯೇ ಊರಿನ ನೆಮ್ಮದಿ ಅಡಗಿದೆ.