ಹಿಂದಿನ ಬೆಂಚಿನಲ್ಲಿ ಕೂರುವವರು ಬೇಕು

ಬಿ.ಎಡ್. ಓದುವಾಗ ನಾನು ತೆಗೆದುಕೊಂಡ ಮೊದಲ ಪಾಠ ಇನ್ನೂ ನೆನಪಿದೆ. ಹಿಂದಿನ ಬೆಂಚಿನಲ್ಲಿ ನಮ್ಮ ಮೇಷ್ಟರು ಕೂತಿದ್ದರು. ಗಂಟೆ ಹೊಡೆದ ಮೇಲೆ ನನ್ನ ತಪ್ಪುಗಳನ್ನು ಒಂದೊಂದಾಗಿ ಹೇಳಿ, "ನಾಳೆ ಇದೇ ಪಾಠ ಮತ್ತೆ ತಗೊಳ್ಳಮ್ಮ" ಎಂದರು. ಹಾಗೆ ಮತ್ತೆ ಮತ್ತೆ ತೆಗೆದುಕೊಂಡೇ ನಾನು ಟೀಚರಾದದ್ದು. ಭಾನುವಾರ ಶಾಲೆಯಲ್ಲಿ ಪಾಠ ಹೇಳಲು ನಿಂತಾಗ ಮಾತ್ರ ಯಾರೂ ಹಿಂದೆ ಕೂರಲಿಲ್ಲ. "ಹೇಗೂ ಟೀಚರಲ್ಲವೇ" ಎಂದು ಒಂದು ಪುಸ್ತಕ ಕೈಗಿಟ್ಟರು.

ನಮ್ಮ ಸಭೆಗಳಲ್ಲಿ ಸದಸ್ಯರಿಗೆ ಸಿಗುವ ತರಬೇತಿ ಇಷ್ಟೇ. ನಾವು ಕಾಣಿಕೆ ತಟ್ಟೆ ಹಿಡಿಯಬಹುದು, ಕ್ವಾಯರಿನಲ್ಲಿ ಹಾಡಬಹುದು, ಸುಗ್ಗಿ ಹಬ್ಬಕ್ಕೆ ಹಲಸೂರಿನಿಂದ ಕೆ.ಆರ್. ಪುರದವರೆಗೆ ಮನೆಮನೆ ಅಲೆದು ಚಂದಾ ಎತ್ತಬಹುದು. ರೋಗಿಯ ಪಕ್ಕದಲ್ಲಿ ಕೂತು ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಯಾರೂ ಕಲಿಸುವುದಿಲ್ಲ. ಅದು ಅಯ್ಯನವರ ಕೆಲಸವಂತೆ!

ಇದರ ಬೆಲೆ ನನಗೆ ತಿಳಿದದ್ದು 2020ರಲ್ಲಿ, ಕೋವಿಡ್‌ನಿಂದ ದೇವಾಲಯಗಳ ಬಾಗಿಲು ಮುಚ್ಚಿದಾಗ. ನೆರೆಮನೆಯಲ್ಲಿ ಸಾವಾಯಿತು. ಅಯ್ಯನವರು ಬರುವಂತಿರಲಿಲ್ಲ. ಮನೆಯಾಕೆ ನನ್ನ ಕೈ ಹಿಡಿದು, "ಟೀಚರಮ್ಮ, ನೀವೇ ಪ್ರಾರ್ಥನೆ ಮಾಡಿ" ಎಂದರು. ಇಪ್ಪತ್ತೈದು ವರ್ಷ ತರಗತಿಯಲ್ಲಿ ಮಾತಾಡಿದ ನನಗೆ ಬಾಯೇ ಬರಲಿಲ್ಲ. ಅಯ್ಯನವರಿಗೆ ಫೋನು ಮಾಡಿ ಆಕೆಯ ಕಿವಿಗೆ ಹಿಡಿದೆ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವನ್ನು ತೆಗೆದು ನೋಡಿ. ಸಭಾಪಾಲಕರನ್ನೂ ಉಪದೇಶಕರನ್ನೂ ಕೊಟ್ಟಿರುವುದು ವಿಶ್ವಾಸಿಗಳನ್ನು ಸೇವೆಗೆ ಸಿದ್ಧಪಡಿಸಲು ಎಂಬುದೇ ಅಲ್ಲಿನ ತಾತ್ಪರ್ಯ. ಅಂದರೆ ಅಯ್ಯನವರು ಎಲ್ಲ ಪಾಠವನ್ನೂ ತಾವೇ ಹೇಳುವವರಲ್ಲ, ಹಿಂದಿನ ಬೆಂಚಿನಲ್ಲಿ ಕೂತು ನಮ್ಮನ್ನು ತಿದ್ದುವವರು. ಕ್ಯಾಥೊಲಿಕ್ ಸಭೆ ಕೂಡ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲಿ, ಸಾಮಾನ್ಯ ವಿಶ್ವಾಸಿಗಳ ಸೇವೆಯ ಬಗ್ಗೆಯೇ ಒಂದು ಆದೇಶಪತ್ರ ಹೊರಡಿಸಿತು. ನಮ್ಮ ಸಿ.ಎಸ್.ಐ.ನಲ್ಲಿ 2013ರಲ್ಲಿ ನಂದ್ಯಾಲದಲ್ಲಿ ಹೆಣ್ಣುಮಗಳೊಬ್ಬರು, ಪುಷ್ಪಲಲಿತಾ ಅವರು, ಬಿಷಪ್ಪರೂ ಆದರು. ಬೆಂಚಿನ ಮೇಲೆ ಕೂತ ನಮ್ಮ ಹೆಂಗಸರು ಮಾತ್ರ ಇನ್ನೂ ಕಾಫಿ, ಕೇಕು ಹಂಚುತ್ತಿದ್ದಾರೆ.

"ಎಲ್ಲರಿಗೂ ಬೋಧಿಸಲು ಬಿಟ್ಟರೆ ತಪ್ಪು ಬೋಧನೆ ಹರಡುತ್ತದೆ" ಎನ್ನುವ ಹಿರಿಯರಿದ್ದಾರೆ. ಅಲ್ಲ ಸ್ವಾಮಿ, ಏನೂ ಕಲಿಸದೆ ಮಕ್ಕಳ ಮುಂದೆ ನಿಲ್ಲಿಸುತ್ತೀರಲ್ಲ, ಆಗ ಹರಡುವುದಿಲ್ಲವೇ? "ಜನಕ್ಕೆ ಪುರುಸೊತ್ತಿಲ್ಲ" ಎನ್ನುವವರೂ ಇದ್ದಾರೆ. ಚಂದಾ ಎತ್ತಲು ಸಿಗುವ ಪುರುಸೊತ್ತು ಕಲಿಯಲು ಸಿಗುವುದಿಲ್ಲವೇ?

1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ನಮ್ಮ ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯಲ್ಲೇ ಇದೆ. ಅಲ್ಲಿ ಕಲಿತು ಬಂದವರಿಗೆ ನಾವು ಒಂದೇ ಒಂದು ಮಾತು ಕೇಳೋಣ: ವರ್ಷಕ್ಕೆ ಹತ್ತು ಜನರನ್ನು ತಯಾರು ಮಾಡಿ, ಕನ್ನಡದಲ್ಲಿ. ಮೊದಲು ಅವರನ್ನು ಆಸ್ಪತ್ರೆಗೆ, ಸಾವಿನ ಮನೆಗೆ ಜೊತೆಯಲ್ಲಿ ಕರೆದೊಯ್ಯಿರಿ. ಆಮೇಲೆ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಿಲ್ಲಿ. ತಪ್ಪಿದರೆ ತಿದ್ದಿ, ಮತ್ತೆ ಕಳಿಸಿ. ಇದಕ್ಕೆ ಹೊಸ ಕಟ್ಟಡ ಬೇಡ, ದಾನಿಗಳ ಹೆಸರು ಕೆತ್ತಿದ ಕಲ್ಲೂ ಬೇಡ.

ಮುಂದಿನ ಸಲ ನೆರೆಯಾಕೆ ಕೈ ಹಿಡಿದಾಗ ನಾನು ಫೋನು ಹುಡುಕುವಂತಾಗಬಾರದು.