ತೇವಾಂಶಕ್ಕೆ ಸಡಿಲಿಕೆ ಸಿಕ್ಕಿತು, ಕಸಕ್ಕೆ ಸಿಗಲಿಲ್ಲ: ಸೋಯಾ ಅವರೆ ಖರೀದಿಯಲ್ಲಿ ಮಾದರಿ ಪರೀಕ್ಷೆಯ ಲೆಕ್ಕಾಚಾರ

2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಬೆಂಬಲ ಬೆಲೆ ಯೋಜನೆಯಡಿ ಖರೀದಿಸುವ ಸೋಯಾ ಅವರೆಯ ತೇವಾಂಶದ ಮಿತಿಯನ್ನು ಆ ಹಂಗಾಮಿನ ಮಟ್ಟಿಗೆ ಶೇ. 12ರಿಂದ ಶೇ. 15ಕ್ಕೆ ಏರಿಸಿದ್ದು ನಿಮಗೆ ನೆನಪಿರಬಹುದು. ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಕೆಳಗಿದ್ದ ಆ ದಿನಗಳಲ್ಲಿ ಬೆಳೆಗಾರರಿಗೆ ಅದು ದೊಡ್ಡ ಸಮಾಧಾನ ನೀಡಿತು. ಆದರೆ ಅನ್ಯ ಪದಾರ್ಥದ ಮಿತಿ, ಅಂದರೆ ಕಸಕಡ್ಡಿ, ಹೊಟ್ಟು, ಮಣ್ಣು, ಕಲ್ಲು, ಇತರ ಬೀಜಗಳ ಮಿತಿ, ಶೇ. 2ರಷ್ಟೇ ಇತ್ತು. ಇದರ ಪರಿಣಾಮವನ್ನು ಹಲವರು ಗಮನಿಸಲಿಲ್ಲ. ತೇವಾಂಶದಲ್ಲಿ ಪಾಸಾದ ಟ್ರ್ಯಾಕ್ಟರುಗಳು ಕಸದ ಪರೀಕ್ಷೆಯಲ್ಲಿ ಹಿಂದಿರುಗುವ ಸಾಧ್ಯತೆ ಹಾಗೆಯೇ ಉಳಿಯಿತು.

2025-26ನೇ ಸಾಲಿಗೆ ಸೋಯಾ ಅವರೆಯ ಬೆಂಬಲ ಬೆಲೆ ಕ್ವಿಂಟಾಲಿಗೆ 436 ರೂ. ಹೆಚ್ಚಿ 5,328 ರೂ. ಆಯಿತು. ಇದೇ ವೇಳೆಗೆ, ಅಂದರೆ 2025ರ ಮೇ ಕೊನೆಯಲ್ಲಿ, ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸಲಾಯಿತು. ಆಮದು ಎಣ್ಣೆ ಅಗ್ಗವಾದಾಗ ಗಿರಣಿಯವರು ಸ್ಥಳೀಯ ಕಾಳಿಗೆ ಹೆಚ್ಚು ಬೆಲೆ ಕೊಡಲು ಹಿಂಜರಿಯುತ್ತಾರೆ. ಆಗ ಬೀದರ, ಕಲಬುರಗಿ, ಬೆಳಗಾವಿ, ಧಾರವಾಡ ಭಾಗದ ಬೆಳೆಗಾರರಿಗೆ ಖರೀದಿ ಕೇಂದ್ರವೇ ಆಸರೆ. ಆ ಕೇಂದ್ರದ ಬಾಗಿಲಲ್ಲಿ ನಿಮ್ಮ ರಾಶಿಯ ಭವಿಷ್ಯವನ್ನು ನಿರ್ಧರಿಸುವುದು ಕೆಲವು ನೂರು ಗ್ರಾಂ ಕಾಳು.

ಶೇ. 2ರ ಮಿತಿ ಕಠಿಣವೆಂಬ ದೂರನ್ನು ನಾನು ಒಪ್ಪುವುದಿಲ್ಲ. ಹೆಚ್ಚಿನ ನೀರು ಬಿಸಿಲಿಗೆ ಆರಿಹೋಗುತ್ತದೆ, ಮಣ್ಣು ಹೋಗುವುದಿಲ್ಲ. ಗಿರಣಿಯಲ್ಲಿ ಅದು ಯಂತ್ರವನ್ನು ಸವೆಸಿ, ಕೊನೆಗೆ ಹಿಂಡಿಯಲ್ಲಿ ಮರಳಾಗಿ ಉಳಿಯುತ್ತದೆ. ಹಸಿ ಕಾಂಡದ ಚೂರು ಮತ್ತು ಕಳೆ ಬೀಜಗಳು ಗೋದಾಮಿನಲ್ಲಿ ಸುತ್ತಲಿನ ಕಾಳಿಗೆ ತಮ್ಮ ತೇವವನ್ನು ಹಂಚಿ ಬೂಷ್ಟಿಗೆ ದಾರಿ ಮಾಡುತ್ತವೆ. ನನ್ನ ತಕರಾರು ಇರುವುದು ಮಿತಿಯ ಬಗ್ಗೆ ಅಲ್ಲ, ಅದನ್ನು ಅಳೆಯುವ ರೀತಿಯ ಬಗ್ಗೆ.

ಅಂಗೈಯಲ್ಲಿ ಒಂದು ಹಿಡಿ ಕಾಳು ಹಿಡಿದು, ಊದಿ ನೋಡಿ, "ಕಸ ಜಾಸ್ತಿ ಇದೆ" ಎಂದು ತೀರ್ಪು ಕೊಡುವುದು ಪರೀಕ್ಷೆಯಲ್ಲ. ಶೇಕಡಾವಾರು ಎಂಬುದು ತೂಕದ ಲೆಕ್ಕ, ಕಣ್ಣಿನ ಲೆಕ್ಕವಲ್ಲ. ಹೊಟ್ಟು ಕಣ್ಣಿಗೆ ರಾಶಿಯಾಗಿ ಕಂಡರೂ ತೂಗುವುದು ಅತ್ಯಲ್ಪ. ಕರಿಮಣ್ಣಿನ ಹೆಂಟೆ ಕಾಳಿನಷ್ಟೇ ಗಾತ್ರದ್ದಾಗಿ ಕಣ್ಣು ತಪ್ಪಿಸಿಕೊಂಡು ತಕ್ಕಡಿಯಲ್ಲಿ ಸಿಕ್ಕಿಬೀಳುತ್ತದೆ. ಮಾದರಿಯ ಪ್ರಮಾಣವೂ ಮುಖ್ಯ. ಹುಣಸೆ ಬೀಜದ ಗಾತ್ರದ, ಸುಮಾರು 2 ಗ್ರಾಂ ತೂಗುವ ಒಂದೇ ಕಲ್ಲು 100 ಗ್ರಾಂ ಮಾದರಿಗೆ ಬಂದರೆ ಅದೊಂದೇ ಶೇ. 2 ಆಗಿ ಮಿತಿಯನ್ನೆಲ್ಲ ನುಂಗಿಬಿಡುತ್ತದೆ. ಅದೇ ಕಲ್ಲು 500 ಗ್ರಾಂ ಮಾದರಿಯಲ್ಲಿ ಕೇವಲ ಶೇ. 0.4. ಸಣ್ಣ ಮಾದರಿಯೆಂದರೆ ಹೆಚ್ಚುಕಡಿಮೆ ಲಾಟರಿ.

ಮಾದರಿ ತೆಗೆಯುವ ಜಾಗವೂ ಅಷ್ಟೇ ಮುಖ್ಯ. ಟ್ರ್ಯಾಕ್ಟರ್ ಕುಲುಕಾಟದಲ್ಲಿ ಸಣ್ಣ ಮಣ್ಣು, ಧೂಳು ಚೀಲದ ತಳಕ್ಕೆ ಇಳಿಯುತ್ತವೆ. ರಾಶಿ ಸುರಿದಾಗ ಭಾರದ ಕಾಳು ಒಂದೆಡೆ, ಹಗುರ ಹೊಟ್ಟು ಇನ್ನೊಂದೆಡೆ ಸೇರುತ್ತವೆ. ಹಲವು ವರ್ಷಗಳ ಹಿಂದೆ ಒಂದು ಕೇಂದ್ರದಲ್ಲಿ, ಒಂದೇ ರೈತರ ಒಂದೇ ರಾಶಿಯಿಂದ ತೆಗೆದ ಎರಡು ಮಾದರಿಗಳಲ್ಲಿ ಒಂದು ಪಾಸಾಗಿ ಇನ್ನೊಂದು ನಪಾಸಾದುದನ್ನು ನಾನೇ ನಿಂತು ನೋಡಿದ್ದೇನೆ. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಕೊಳವೆ ಚುಚ್ಚಿದ ಜಾಗ ಬೇರೆಯಾಗಿತ್ತು, ಅಷ್ಟೇ.

ಆದ್ದರಿಂದ ಈ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗುವ ಮೊದಲು ನಿಮ್ಮ ಕಣದಲ್ಲೇ ಮಾಡಿಕೊಳ್ಳಿ. ಹಲವು ಚೀಲಗಳ ಮೇಲು, ನಡು, ತಳ ಮೂರೂ ಕಡೆಯಿಂದ ಕಾಳು ತೆಗೆದು ತಾಡಪಾಲಿನ ಮೇಲೆ ಚೆನ್ನಾಗಿ ಬೆರೆಸಿ. ಚಪ್ಪಟೆಯಾಗಿ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಇಟ್ಟುಕೊಂಡು ಉಳಿದೆರಡನ್ನು ರಾಶಿಗೆ ಸೇರಿಸಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಿ. ಅದನ್ನು ಜರಡಿ ಹಿಡಿದು, ಉಳಿದುದನ್ನು ಕೈಯಿಂದ ಆರಿಸಿ, ಒಂದೊಂದು ಬಗೆಯನ್ನೂ ಬೇರೆಬೇರೆಯಾಗಿ ತೂಗಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಹೋಳಾದ ಕಾಳನ್ನು ಮಾತ್ರ ಕಸಕ್ಕೆ ಸೇರಿಸಬೇಡಿ. ಅದಕ್ಕೆ ಬೇರೆಯದೇ ಮಿತಿಯಿದೆ. ಈ ಎರಡನ್ನೂ ಒಟ್ಟು ಮಾಡಿ ತಿರಸ್ಕರಿಸಿದರೆ ನೀವು ಪ್ರಶ್ನಿಸಬಹುದು.

ಬೇರೆಬೇರೆ ತೂಗಲು ಹೇಳಿದ್ದಕ್ಕೆ ಕಾರಣವಿದೆ. 500 ಗ್ರಾಂನಲ್ಲಿ ಕಡ್ಡಿ ಮತ್ತು ಹೊಟ್ಟು 9 ಗ್ರಾಂ, ಮಣ್ಣಿನ ಹೆಂಟೆ 6 ಗ್ರಾಂ, ಇತರ ಬೀಜ 2 ಗ್ರಾಂ ಸಿಕ್ಕಿತು ಎನ್ನಿ. ಒಟ್ಟು 17 ಗ್ರಾಂ, ಅಂದರೆ ಶೇ. 3.4, ರಾಶಿ ನಪಾಸು. ಕಷ್ಟಪಟ್ಟು ಹೆಂಟೆಯನ್ನೆಲ್ಲ ಆರಿಸಿದರೂ ಉಳಿಯುವುದು 494ರಲ್ಲಿ 11 ಗ್ರಾಂ, ಶೇ. 2.2, ಮತ್ತೆ ನಪಾಸು. ಬದಲಿಗೆ ಗಾಳಿಗೆ ತೂರಿ ಕಡ್ಡಿ, ಹೊಟ್ಟನ್ನು ತೆಗೆದರೆ 491ರಲ್ಲಿ 8 ಗ್ರಾಂ, ಶೇ. 1.6, ಪಾಸು. ಇದರಿಂದ ಕ್ವಿಂಟಾಲಿಗೆ 1.8 ಕಿಲೋ ತೂಕ ಕಡಿಮೆಯಾಗುತ್ತದೆ. 20 ಕ್ವಿಂಟಾಲಿಗೆ 36 ಕಿಲೋ, ಬೆಂಬಲ ಬೆಲೆಯಲ್ಲಿ ಸುಮಾರು 1,900 ರೂ. ಅದೇ ರಾಶಿ ತಿರಸ್ಕೃತವಾಗಿ ಹೊರಗೆ ಕ್ವಿಂಟಾಲಿಗೆ 700 ರೂ. ಕಡಿಮೆಗೆ ಹೋದರೆ ನಷ್ಟ 14,000 ರೂ., ಟ್ರ್ಯಾಕ್ಟರ್ ಬಾಡಿಗೆ ಬೇರೆ.

ಹೆಂಟೆಯೇ ಹೆಚ್ಚಾಗಿದ್ದರೆ ತೂರುವುದರಿಂದಾಗಲಿ, ಜರಡಿಯಿಂದಾಗಲಿ ಉಪಯೋಗ ಕಡಿಮೆ. ಅದಕ್ಕೆ ಸುರುಳಿ ವಿಂಗಡಕ ಸೂಕ್ತ. ಮೇಲಿನಿಂದ ಸುರಿದ ಕಾಳಿನಲ್ಲಿ ದುಂಡಗಿನದು ವೇಗವಾಗಿ ಉರುಳಿ ಹೊರ ಅಂಚಿಗೆ ಹೋಗುತ್ತದೆ. ಓರೆಕೋರೆಯ ಹೆಂಟೆ, ಹೋಳು ನಿಧಾನವಾಗಿ ಒಳಗೇ ಜಾರುತ್ತವೆ. ಇದಕ್ಕೆ ವಿದ್ಯುತ್ ಬೇಡ. ನಾಲ್ಕಾರು ಮನೆಯವರು ಅಥವಾ ರೈತ ಉತ್ಪಾದಕ ಸಂಸ್ಥೆ ಸೇರಿ ಒಂದನ್ನು ಕೊಳ್ಳುವುದು ಒಳ್ಳೆಯದು. ಆದರೂ ಹೆಂಟೆ ಬರುವ ದಾರಿಯನ್ನೇ ಮುಚ್ಚುವುದು ಇದಕ್ಕಿಂತ ಅಗ್ಗ. ಹಸ್ತ, ಚಿತ್ತಾ ಮಳೆಯ ಹಸಿ ನೆಲದಲ್ಲಿ ಕಟಾವು ಯಂತ್ರದ ಅಲಗನ್ನು ತೀರಾ ಕೆಳಗಿಳಿಸಬೇಡಿ, ಗಿಡವನ್ನು ಬೇರುಸಹಿತ ಕೀಳಬೇಡಿ, ಡಾಂಬರು ರಸ್ತೆಯ ಮೇಲೆ ಒಣಹಾಕಬೇಡಿ. ಒಕ್ಕಣೆ ಯಂತ್ರದ ಉರುಳೆಯ ವೇಗ ನಿಮಿಷಕ್ಕೆ 350ರಿಂದ 400 ಸುತ್ತು ಇದ್ದರೆ ಹೋಳೂ ಕಡಿಮೆಯಾಗುತ್ತದೆ.

ಶೇಂಗಾ ಮತ್ತು ಸೂರ್ಯಕಾಂತಿಗೂ ಮಾದರಿ ತೆಗೆಯುವ ಕ್ರಮ ಇದೇ. ಶೇಂಗಾದಲ್ಲಿ ಕಾಯಿಗೆ ಅಂಟಿದ ಮಣ್ಣನ್ನು ಉಜ್ಜಿ ಬಿಡಿಸಿಯೇ ತೂಗಬೇಕು. ಸೂರ್ಯಕಾಂತಿಯಲ್ಲಿ ಜೊಳ್ಳು ಕಾಳು ಗಾಳಿಗೆ ಹಾರುವುದರಿಂದ ತೂರುವುದೇ ಮುಖ್ಯ ಕೆಲಸ.

ತೇವಾಂಶದ ಬಗ್ಗೆ ಒಂದು ಮಾತು. ಶೇ. 15ರ ಕಾಳನ್ನು ಶೇ. 12ಕ್ಕೆ ಒಣಗಿಸಿದರೆ ನೂರು ಕಿಲೋ 96.6 ಕಿಲೋ ಆಗುತ್ತದೆ. ಕ್ವಿಂಟಾಲಿಗೆ ಸುಮಾರು 181 ರೂ. ಮೌಲ್ಯದ ತೂಕ ಹೋಗುತ್ತದೆ. ಈ ಬೆಲೆಯಲ್ಲಿ ಸಡಿಲಿಕೆ ಇದ್ದರೆ ನಿಮಗೆ ಉಳಿಯುವುದು ಇಷ್ಟು, ಜೊತೆಗೆ ಒಣಗಿಸುವ ಕೂಲಿ. 2024ರ ಸಡಿಲಿಕೆ ಒಂದು ಹಂಗಾಮಿನದು. ಅದನ್ನು ಪ್ರತಿ ವರ್ಷದ ಹಕ್ಕೆಂದು ನಂಬಿ ಹಸಿ ಕಾಳನ್ನು ಚೀಲಕ್ಕೆ ತುಂಬಬೇಡಿ. ಮೊದಲು ಸ್ವಚ್ಛಗೊಳಿಸಿ, ಆಮೇಲೆ ತೇವಾಂಶ ನೋಡಿ. ಹಸಿ ಕಸವಿರುವ ಮಾದರಿಯಲ್ಲಿ ತೇವಾಂಶ ಮಾಪಕವು ಕಾಳಿನಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು.

ಕಣದಲ್ಲಿ ಮಾಡಿದ ಮಾದರಿಯ ಇನ್ನರ್ಧ ಕಿಲೋವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ದಿನಾಂಕ ಮತ್ತು ತೂಕದ ವಿವರ ಬರೆದ ಚೀಟಿ ಅಂಟಿಸಿ ಜೊತೆಗೆ ಒಯ್ಯಿರಿ. ಕೇಂದ್ರದಲ್ಲಿ ಫಲಿತಾಂಶ ಭಿನ್ನವಾಗಿ ಬಂದರೆ, ಬೇರೆ ಚೀಲಗಳಿಂದ ಮತ್ತೊಮ್ಮೆ ಮಾದರಿ ತೆಗೆದು ನಿಮ್ಮೆದುರೇ ತೂಗಲು ಕೇಳಿ.