ಕಿರಣದ ಗನ್ ಇದ್ದರೂ ಕತ್ತಿ ಯಾಕೆ, ಗುರೂ?

ಸೈನ್ಸ್ ಫಿಕ್ಷನ್ ಪಿಕ್ಚರ್ ಬಿಟ್ಟು ಜನ ಆಚೆ ಬರುವಾಗ ಗುಂಪಿನಲ್ಲಿ ಒಬ್ಬನಾದರೂ ಈ ಪ್ರಶ್ನೆ ಎತ್ತದೆ ಇರೋಲ್ಲ. "ಅಲ್ಲಾ ಗುರೂ, ಗ್ರಹದಿಂದ ಗ್ರಹಕ್ಕೆ ಹಾರೋ ನೌಕೆ ಇದೆ, ಗುಂಡಿ ಒತ್ತಿದರೆ ಬೆಂಕಿ ಉಗುಳೋ ಗನ್ ಇದೆ. ಆದರೂ ಕ್ಲೈಮ್ಯಾಕ್ಸಿನಲ್ಲಿ ಹೀರೋ, ವಿಲನ್ ಇಬ್ಬರೂ ಕತ್ತಿ ಹಿಡ್ಕೊಂಡು ಮೈಗೆ ಮೈ ತಾಗಿಸಿ ಬಡಿದಾಡ್ತಾರಲ್ಲ! ದೂರದಿಂದಲೇ ಒಂದು 'ಢಂ' ಅನ್ನಿಸಿದ್ರೆ ಮುಗೀತಿತ್ತಲ್ವಾ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಇದೆ. ಅದಕ್ಕೆ ಈ ವಾರದ ಪುಟ ಪೂರ್ತಿ ಬೇಕು. ನಿಮ್ಮ ಬಸ್ಸು ಬರೋದು ಹೇಗೂ ತಡ, ನಿಧಾನವಾಗಿ ಓದಿ.

ನಿಧಾನದ ಬೆಳಕು

ಪಿಯುಸಿಗೇ ಶರಣು ಹೊಡೆದು ಬಂದ ನನಗೂ ನೆನಪಿರೋ ಒಂದು ಲೆಕ್ಕ ಇದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್! ಲೇಸರ್ ಅಂದರೂ ಬೆಳಕೇ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ. ನಾಲ್ಕೇ ವರ್ಷ, 1964ರ 'ಗೋಲ್ಡ್‌ಫಿಂಗರ್'ನಲ್ಲಿ ವಿಲನ್ ಜೇಮ್ಸ್ ಬಾಂಡ್‌ನನ್ನು ಮೇಜಿಗೆ ಕಟ್ಟಿ ಲೇಸರ್ ಕಿರಣ ಬಿಟ್ಟೇಬಿಟ್ಟ. ಸಿನಿಮಾದವರ ಅವಸರ ನೋಡಿ!

ಆದರೆ ನಿಜವಾದ ಲೇಸರ್‌ನಿಂದ ಫೈಟಿಂಗ್ ತೆಗೆದರೆ ಏನಾಗುತ್ತೆ? ಗನ್ ಗುರಿ ಇಟ್ಟ, ಎದುರಿನವನು ಬಿದ್ದ. ಮಧ್ಯೆ ಏನೂ ಇಲ್ಲ. ಧೂಳು, ಹೊಗೆ ಇಲ್ಲದಿದ್ದರೆ ಪಕ್ಕದಲ್ಲಿ ನಿಂತವನಿಗೆ ಕಿರಣವೇ ಕಾಣೋಲ್ಲ. 'ಪ್ಯೂ ಪ್ಯೂ' ಸದ್ದೂ ಇಲ್ಲ. ಯಾರು ಹೊಡೆದರು, ಯಾರಿಗೆ ಬಿತ್ತು ಅಂತ ಗಾಂಧಿ ಕ್ಲಾಸಿನವನಿಗೆ ತಿಳಿಯೋದು ಹೇಗೆ? ಅದಕ್ಕೇ ಬೆಳ್ಳಿತೆರೆಯ ಕಿರಣ ಕಣ್ಣಿಗೆ ಕಾಣುವಷ್ಟು ನಿಧಾನ. ಹೀರೋ ತಲೆ ತಗ್ಗಿಸಿ ತಪ್ಪಿಸಿಕೊಳ್ಳೋಕೆ ಟೈಮ್ ಕೊಟ್ಟೇ ಬರುತ್ತೆ!

1977ರ 'ಸ್ಟಾರ್ ವಾರ್ಸ್'ನವರು ಇದನ್ನು ಚೆನ್ನಾಗಿ ಅರಿತಿದ್ದರು. ಸದ್ದಿನ ಜಾದೂಗಾರ ಬೆನ್ ಬರ್ಟ್ ರೇಡಿಯೋ ಟವರನ್ನು ಎಳೆದು ಕಟ್ಟಿದ್ದ ತಂತಿಗೆ ಸುತ್ತಿಗೆಯಿಂದ ಹೊಡೆದು ಆ ಗನ್ನಿನ ಸದ್ದು ಹಿಡಿದ. ಹಾನ್ ಸೋಲೋ ಕೈಯಲ್ಲಿದ್ದದ್ದು ಜರ್ಮನಿಯ ಹಳೇ ಮೌಸರ್ ಪಿಸ್ತೂಲು, ಮೇಲೊಂದಿಷ್ಟು ಅಲಂಕಾರ. ಬಿಳಿ ಕವಚದ ಸಿಪಾಯಿಗಳದು ಬ್ರಿಟಿಷರ ಸ್ಟರ್ಲಿಂಗ್ ಗನ್. ಅದೇ ಸ್ಟರ್ಲಿಂಗ್‌ನ ಮಾದರಿಯನ್ನೇ ನಮ್ಮ ಕಾನ್ಪುರದ ಕಾರ್ಖಾನೆಯಲ್ಲಿ ಕಾರ್ಬೈನ್ ಅಂತ ತಯಾರಿಸಿ ನಮ್ಮ ಸೈನ್ಯಕ್ಕೆ, ಪೊಲೀಸರಿಗೆ ಕೊಟ್ಟರು. ಅಂದರೆ ಬಾಹ್ಯಾಕಾಶದ ಸಿಪಾಯಿಯ ಗನ್ನಿಗೂ ನಮ್ಮ ಪೊಲೀಸಪ್ಪನ ಕಾರ್ಬೈನಿಗೂ ತಾಯಿ ಒಬ್ಬಳೇ! ಮುಂದಿನ ಸಲ ಆ ಪಿಕ್ಚರ್ ನೋಡುವಾಗ ಗಮನಿಸಿ.

ಇನ್ನು ನಿಜವಾದ ಕಿರಣಾಸ್ತ್ರದ ಸುದ್ದಿ. ನಮ್ಮ ಬಳ್ಳಾರಿಯಿಂದ ದೂರವೇನಲ್ಲದ ಕರ್ನೂಲಿನಲ್ಲಿ 2025ರ ಏಪ್ರಿಲ್ 13ರಂದು ಡಿಆರ್‌ಡಿಒದವರು 30 ಕಿಲೋವ್ಯಾಟ್ ಲೇಸರ್‌ನಿಂದ ಹಾರುವ ಡ್ರೋನ್ ಒಂದನ್ನು ಕೆಡವಿ ತೋರಿಸಿದರು. ಭೇಷ್! ಆದರೆ ಅಲ್ಲಿ ಯಂತ್ರ ಯಂತ್ರವನ್ನು ಸುಟ್ಟಿತು. ಮುಖ ಇಲ್ಲ, ಬೆವರು ಇಲ್ಲ, ಸೇಡು ಇಲ್ಲ. ದೇಶಕ್ಕೆ ಅದು ಲಾಭ, ಸಿನಿಮಾಕ್ಕೆ ನಷ್ಟ. ಸಿನಿಮಾಕ್ಕೆ ಮುಖ ಬೇಕು. ಇಬ್ಬರ ಮುಖವೂ ಒಂದೇ ಫ್ರೇಮಿನಲ್ಲಿ ಬರಬೇಕಾದರೆ ಇಬ್ಬರೂ ಒಂದು ಕೈಯಳತೆಗೆ ಬರಲೇಬೇಕು.

ಗನ್ ಬಿಡಿಸೋ ಜಾಣತನ

ಬಂದದ್ದು ಹೇಗೆ ಅನ್ನೋದೇ ಪ್ರಶ್ನೆ. ದಡ್ಡ ಡೈರೆಕ್ಟರ್ ಆದರೆ ಹೀರೋ ಗನ್ ಇರೋದನ್ನೇ ಮರೀತಾನೆ. ಜಾಣ ಆದರೆ ಮೊದಲೇ ಒಂದು ನಿಯಮ ಕಟ್ಟಿಡ್ತಾನೆ.

ಇದರಲ್ಲಿ ಎಲ್ಲರಿಗೂ ಗುರು ಫ್ರಾಂಕ್ ಹರ್ಬರ್ಟ್. 1965ರ 'ಡ್ಯೂನ್' ಕಾದಂಬರಿಯಲ್ಲಿ ಯೋಧರ ಮೈಸುತ್ತ ಕಾಣದ ಗುರಾಣಿ ಇರುತ್ತೆ. ವೇಗವಾಗಿ ಬಂದದ್ದನ್ನೆಲ್ಲ ಅದು ತಡೆಯುತ್ತೆ. ಗುಂಡು ಹೊಡೆದು ಪ್ರಯೋಜನವಿಲ್ಲ. ಲೇಸರ್ ಹೊಡೆದರೋ ಅಣುಬಾಂಬಿನಂಥ ಸ್ಫೋಟ, ಹೊಡೆದವನೂ ಉಳಿಯೋ ಗ್ಯಾರಂಟಿ ಇಲ್ಲ! ಉಳಿದದ್ದು ಒಂದೇ ದಾರಿ. ಕೈಯಲ್ಲಿ ಬಾಕು, ಚುರುಕಾಗಿ ಹತ್ತಿರ ನುಗ್ಗು, ಕೊನೆಯ ಗೇಣಿನಲ್ಲಿ ಮಾತ್ರ ಮೆತ್ತಗೆ ಚುಚ್ಚು. ನಿಧಾನದ ಅಲಗು ಮಾತ್ರ ಗುರಾಣಿಯೊಳಗೆ ಇಳಿಯುತ್ತೆ. ಎಂಥಾ ಪಟ್ಟು ನೋಡಿ! ಸಿಟ್ಟಿನಲ್ಲಿ ಜೋರಾಗಿ ಬೀಸಿದವನು ಸೋಲ್ತಾನೆ, ತಾಳ್ಮೆ ಇದ್ದವನು ಗೆಲ್ತಾನೆ. 2021ರಲ್ಲಿ ಡೆನಿಸ್ ವಿಲ್‌ನವ್ ತೆಗೆದ ಪಿಕ್ಚರಿನಲ್ಲಿ ಗುರಾಣಿ ತಡೆದಾಗ ನೀಲಿ ಮಿಂಚು, ಅಲಗು ಒಳಗಿಳಿದಾಗ ಕೆಂಪು. ಇಂಗ್ಲಿಷ್ ಬಾರದವನಿಗೂ ಆ ಫೈಟಿಂಗ್ ಅರ್ಥವಾಗುತ್ತೆ.

1967ರ 'ಸ್ಟಾರ್ ಟ್ರೆಕ್' ಟಿವಿ ಕಂತು 'ಅರೀನಾ'ದಲ್ಲಿ ಬೇರೆ ದಾರಿ. ಮೇಲಿನ ಶಕ್ತಿಯೊಂದು ಕ್ಯಾಪ್ಟನ್ ಕರ್ಕ್‌ನನ್ನೂ ಹಲ್ಲಿಮೋರೆಯ ಶತ್ರುವನ್ನೂ ಕಿರಣದ ಗನ್ ಕಸಿದುಕೊಂಡು ಬಂಡೆಗಳ ನಡುವೆ ಬಿಡುತ್ತೆ. ಕೈಕೈ ಮಿಲಾಯಿಸಿದರೆ ಕರ್ಕ್ ಸಾಯೋದು ಖಂಡಿತ. ಕೊನೆಗೆ ಆತ ಬಿದಿರಿನಂಥ ಕೊಳವೆ, ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿಸಿ ಫಿರಂಗಿ ಮಾಡ್ತಾನೆ. ಭುಜದ ಕೆಲಸ ಆಗದ ಕಡೆ ಬುದ್ಧಿಯ ಕೆಲಸ!

1987ರ 'ಪ್ರೆಡೇಟರ್' ಅಂತೂ ಶಿಳ್ಳೆಗಾಗಿಯೇ ಮಾಡಿದ್ದು. ಬೇಟೆಗೆ ಬಂದ ಆ ಜೀವಿಯ ಹೆಗಲ ಮೇಲೇ ಕಿರಣದ ತೋಪು. ದೂರದಿಂದಲೇ ಆರ್ನಾಲ್ಡ್‌ನ ಕಥೆ ಮುಗಿಸಬಹುದಿತ್ತು. ಆದರೆ ಎದುರಾಳಿ ಗಟ್ಟಿಗ ಅಂತ ಗೊತ್ತಾದ ಮೇಲೆ ತೋಪು ಕಳಚುತ್ತೆ, ಮುಖವಾಡ ತೆಗೆಯುತ್ತೆ, ಬರಿಗೈಯಲ್ಲಿ ಮುಂದೆ ಬರುತ್ತೆ. ವಿಲನ್‌ಗೂ ಒಂದು ಮರ್ಯಾದೆ ಇದೆ ಅಂತ ಅಲ್ಲಿ ಗೊತ್ತಾಗುತ್ತೆ.

ಕತ್ತಿಯ ಮಿತಿ

ಹಾಗಂತ ಕತ್ತಿಯೇ ಯಾವಾಗಲೂ ದೊಡ್ಡದು ಅಂದುಕೊಳ್ಳಬೇಡಿ. ಬೆಳಕಿನ ಕತ್ತಿ ಹಿಡಿದ ಜೆಡೈ ವೀರರು ಎದುರಿನಿಂದ ಬಂದ ಕಿರಣವನ್ನು ತಿರುಗಿಸಿ ಹೊಡೀತಾರೆ, ನಿಜ. ಆದರೆ 1999ರ 'ದಿ ಫ್ಯಾಂಟಮ್ ಮೆನೇಸ್'ನಲ್ಲಿ ಗುರಾಣಿ ಹೊದ್ದ ಯಂತ್ರಗಳು ಉರುಳಿ ಬಂದು ಎಡೆಬಿಡದೆ ಹೊಡೆದಾಗ ಇಬ್ಬರು ಜೆಡೈಗಳೂ ಜಾಗ ಖಾಲಿ ಮಾಡ್ತಾರೆ. 2002ರ ಪಿಕ್ಚರಿನ ಅಖಾಡದಲ್ಲಿ ಸುತ್ತಲಿಂದ ಕಿರಣ ಸುರಿದಾಗ ವೀರರು ಸಾಲುಸಾಲಾಗಿ ಬೀಳ್ತಾರೆ. 2005ರದ್ದರಲ್ಲಂತೂ ಜೊತೆಗಿದ್ದ ಸಿಪಾಯಿಗಳೇ ಬೆನ್ನಿಗೆ ಹೊಡೀತಾರೆ. ಪಾಠ ಸರಳ: ಕತ್ತಿ ಎದುರಿನವನಿಗೆ ಉತ್ತರ ಕೊಡುತ್ತೆ, ಬೆನ್ನ ಹಿಂದಿನವನಿಗೆ ಅಲ್ಲ.

ನಿಯಮವೇ ಇಲ್ಲದ ಕಡೆ ಕತ್ತಿ ಗನ್ನಿಗೆ ಎದುರಾದರೆ? 1981ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ನೆನಪು ಮಾಡಿಕೊಳ್ಳಿ. ಸೈನ್ಸ್ ಫಿಕ್ಷನ್ ಅಲ್ಲ, ಆದರೆ ಹೀರೋ ಅದೇ ಹಾನ್ ಸೋಲೋ, ಹ್ಯಾರಿಸನ್ ಫೋರ್ಡ್. ಕತ್ತಿವೀರ ಗಿರ್ರನೆ ತಿರುಗಿಸಿ ಪ್ರದರ್ಶನ ಕೊಟ್ಟ. ಫೋರ್ಡ್ ಪಿಸ್ತೂಲು ತೆಗೆದು ಒಂದೇ ಗುಂಡು. ಖಲಾಸ್! ಬರೆದಿಟ್ಟಿದ್ದದ್ದು ಉದ್ದನೆಯ ಫೈಟಿಂಗ್. ಫೋರ್ಡ್‌ಗೆ ಹೊಟ್ಟೆ ಕೆಟ್ಟು ಅದನ್ನು ಹೀಗೆ ಮೊಟಕು ಮಾಡಿದರು. ಜನ ನಕ್ಕರು. ನಗು ಸರಿ, ಆದರೆ ಪ್ರತಿ ಕ್ಲೈಮ್ಯಾಕ್ಸಿನಲ್ಲೂ ಹಾಗೇ ಆದರೆ ಟಿಕೆಟ್ಟಿನ ದುಡ್ಡು ವಾಪಸ್ ಕೇಳೋರು ನಾವೇ ಅಲ್ವೇ?

ಮುಖವಾಡದ ಒಳಗೆ ಯಾರು?

ಈಗ ನಾನು ಹೇಳಬೇಕೆಂದಿದ್ದ ಅಸಲು ಮಾತು. 1977ರ ಪಿಕ್ಚರಿನ ಬೆಳಕಿನ ಕತ್ತಿ ಅಂದರೆ ಏನು? ಹಳೇ ಕ್ಯಾಮೆರಾದ ಫ್ಲ್ಯಾಷ್ ಹಿಡಿಕೆಯಿಂದ ಮಾಡಿದ ಹಿಡಿ, ಅದಕ್ಕೆ ಹೊಳೆಯೋ ಪಟ್ಟಿ ಸುತ್ತಿದ ಕೋಲು. ಜೋರಾಗಿ ತಗುಲಿದರೆ ಲಟಕ್ ಅಂತ ಮುರಿಯೋದು. ಅದಕ್ಕೇ ಆ ಮೊದಲ ಕಾಳಗ ಮೆತ್ತಗೆ ಕಾಣುತ್ತೆ.

1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್'ನಲ್ಲಿ ಅದೇ ವಿಲನ್ ಡಾರ್ತ್ ವೇಡರ್ ಹುಲಿ ಆಗಿಬಿಟ್ಟಿದ್ದ! ಹಾನ್ ಸೋಲೋ ಹೊಡೆದ ಕಿರಣವನ್ನು ಬರಿಗೈಯಲ್ಲಿ ತಡೆದು, ಗನ್ನನ್ನೇ ಸೆಳೆದುಕೊಳ್ತಾನೆ. ಅಲ್ಲಿಗೆ ಗನ್ನಿನ ಆಟ ಬಂದ್, ಇನ್ನು ಕತ್ತಿಯದೇ ಮಾತು ಅಂತ ಡೈರೆಕ್ಟರ್ ಸೂಚನೆ ಕೊಟ್ಟಂತೆ. ಆಮೇಲೆ ಲ್ಯೂಕ್‌ನನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ತಳ್ತಾ ಹೋಗಿ ಬಲಗೈಯನ್ನೇ ಕತ್ತರಿಸ್ತಾನೆ. ಅಪ್ಪ ಅನ್ನೋ ಗುಟ್ಟು ಒಡೆಯೋದೂ ಅಲ್ಲೇ. ಇದು ನೂರು ಗಜ ದೂರದಿಂದ ಗನ್ ಹೊಡೆದು ಹೇಳೋ ಮಾತಾ?

ಆ ಒಬ್ಬ ವಿಲನ್ ಅಂದರೆ ನಾಲ್ಕು ಜನ ಸ್ವಾಮಿ! ಮೈ ಆರೂವರೆ ಅಡಿ ಎತ್ತರದ ಡೇವಿಡ್ ಪ್ರೌಸ್‌ದು. ಗಂಟಲು ಜೇಮ್ಸ್ ಅರ್ಲ್ ಜೋನ್ಸ್‌ದು. 1983ರಲ್ಲಿ ಮುಖವಾಡ ತೆಗೆದಾಗ ಕಂಡ ಮುಖ ಸೆಬಾಸ್ಟಿಯನ್ ಶಾದು. ಮತ್ತೆ 1980, 1983ರ ಎರಡೂ ಪಿಕ್ಚರುಗಳಲ್ಲಿ ಕತ್ತಿ ಬೀಸಿದ ಕೈ? ಅದು ಬಾಬ್ ಆಂಡರ್ಸನ್‌ದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಕತ್ತಿ ಹಿಡಿದವನು. 1953ರ ಪಿಕ್ಚರ್ ಒಂದರ ಶೂಟಿಂಗಿನಲ್ಲಿ ಎರಾಲ್ ಫ್ಲಿನ್ ತೊಡೆಗೆ ಅಕಸ್ಮಾತ್ ಗಾಯ ಮಾಡಿದವನೂ ಆತನೇ. ಐವತ್ತು ದಾಟಿದ ಆ ಮೇಷ್ಟ್ರು ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ ಹೊತ್ತು, ಉದ್ದ ನಿಲುವಂಗಿ ತೊಟ್ಟು ಹೊಡೆದಾಡಿದ. ಆದರೆ ಒಳಗಿದ್ದದ್ದು ಆತ ಅನ್ನೋದನ್ನು ಗುಟ್ಟಾಗಿಟ್ಟರು. ಕೊನೆಗೆ 1983ರಲ್ಲಿ ಎದುರಾಳಿಯಾಗಿದ್ದ ಹೀರೋ ಮಾರ್ಕ್ ಹ್ಯಾಮಿಲ್ ತಾನೇ ಬಾಯಿಬಿಟ್ಟ. ದುಡಿದವನ ಹೆಸರು ಮುಚ್ಚಿಡೋದು ನ್ಯಾಯವಲ್ಲ ಅಂತ ಸಂದರ್ಶನದಲ್ಲಿ ಹೇಳಿದ. ಹೀರೋ ಅಂದರೆ ಹಂಗಿರಬೇಕು! ಆಂಡರ್ಸನ್ 2012ರ ಜನವರಿ 1ರಂದು ತೀರಿಕೊಂಡಾಗ ಲೋಕಕ್ಕೆಲ್ಲ ಆತನ ಹೆಸರು ಗೊತ್ತಿತ್ತು.

ಎಲ್ಲರಿಗೂ ಮಾರ್ಕ್ ಹ್ಯಾಮಿಲ್ ಸಿಗೋಲ್ಲ. ಹೋದ ವರ್ಷ ಒಂದು ಶೂಟಿಂಗಿಗೆ ಹೋಗಿದ್ದೆ, ಪಿಕ್ಚರ್ ಹೆಸರು ಬೇಡ. ಹೀರೋ ಷರ್ಟಿನಂಥದೇ ಷರ್ಟು ತೊಟ್ಟ ಹುಡುಗ ಎರಡನೇ ಮಹಡಿಯಿಂದ ಹಾರಿದ. ಬರೆದುಕೊಳ್ಳೋಣ ಅಂತ ಅವನ ಹೆಸರು ಕೇಳಿದೆ. ಸೆಟ್ಟಿನಲ್ಲಿ ಮೂರು ಜನ "ಡ್ಯೂಪ್ ಸಾರ್" ಅಂದರೇ ಹೊರತು ಹೆಸರು ಹೇಳಲಿಲ್ಲ. ಕೊನೆಗೆ ಅವನನ್ನೇ ಕೇಳಿದೆ. ಹೆಸರು ಬರೆದುಕೊಳ್ಳೋ ಪತ್ರಕರ್ತ ಇದ್ದಾನೆ ಅಂತ ನಂಬದೆ ಅವನು ಎರಡು ಸಲ ನನ್ನ ಮುಖ ನೋಡಿದ.

ಕಿರಣವನ್ನು ಲ್ಯಾಬಿನಲ್ಲಿ ಬರೀತಾರೆ, ಸದ್ದನ್ನು ತಂತಿಗೆ ಹೊಡೆದು ತರ್ತಾರೆ. ಆದರೆ ಆ ಹತ್ತಿರದ ಏಟು, ಆ ಬೀಳೋದು, ಆ ಏಳೋದು ಮಾತ್ರ ಯಾರೋ ಒಬ್ಬನ ಮೈಮೂಳೆಯದು. ಆದ್ದರಿಂದ ಅಭಿಮಾನಿ ಮಿತ್ರರೇ, ಪಿಕ್ಚರ್ ಮುಗಿದ ಕೂಡಲೇ ಎದ್ದು ಗೇಟಿಗೆ ನುಗ್ಗಬೇಡಿ. ಹೆಸರುಗಳು ಓಡುವಾಗ ಎರಡು ನಿಮಿಷ ಕೂತಿರಿ. ಸಾಹಸ ಕಲಾವಿದರ ಸಾಲು ಬಂದಾಗ ಒಂದು ಶಿಳ್ಳೆ ಅವರಿಗೂ ಇರಲಿ. ಏನಂತೀರಿ?